ಕೈಯಿಲ್ಲದ ತೋಳು

ಆಷಾಢದಲ್ಲಿ ರವಿಕೆ ಹೊಲಿಸುವವರಿಲ್ಲ.
ಮದುವೆಯಿಲ್ಲ, ಮುಂಜಿಯಿಲ್ಲ, ಹೊಸ ಸೊಸೆಯರೆಲ್ಲ ತವರಲ್ಲಿ.
ಮಂಡಕಳ್ಳಿಯ ನನ್ನ ಅಂಗಡಿಯ ತಗಡು
ದಿನವಿಡೀ ತನ್ನಷ್ಟಕ್ಕೆ ಮಾತಾಡುತ್ತಿರುತ್ತದೆ.

ಆಗ ಬಂದ ನಿಂಗರಾಜು, ವಿಮಾನ ನಿಲ್ದಾಣದವನು,
ಹರಿದ ಕಿತ್ತಳೆ ಬಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು.
“ಮಾದಲಾಂಬಕ್ಕ, ಮೈಸೂರಲ್ಲಿ ಯಾರೂ ಒಪ್ತಿಲ್ಲ.
ಹೊಸದು ಬರೋಕೆ ಇನ್ನೂ ತಿಂಗಳಾಗ್ತದೆ. ನೀನೊಂದು ಹೊಲ್ಕೊಡು.”

ಹರಡಿ ನೋಡಿದೆ. ಹನ್ನೆರಡಡಿ ಉದ್ದ, ಮೂರಡಿ ಬಾಯಿ,
ತುದಿಗೆ ಹೋಗುತ್ತ ಹೋಗುತ್ತ ಸಣ್ಣ.
ಅಯ್ಯೋ, ಇದು ತೋಳಲ್ಲವೇ!
ಭುಜದಲ್ಲಿ ಅಗಲ, ಮಣಿಕಟ್ಟಿನಲ್ಲಿ ಬಿಗಿ,
ಮೂರು ಪಟ್ಟಿ ಕಿತ್ತಳೆ, ನಡುನಡುವೆ ಎರಡು ಬಿಳಿ.
ಕೈ ಮಾತ್ರ ಇಲ್ಲ.
ಗಾಳಿಗೆ ತೋಳು ಹೊಲಿಯುವುದೆಂದರೆ
ಅಳತೆ ಕೊಡಲು ಅದು ಎಲ್ಲಿ ನಿಂತೀತು?

ಬಾಳಿಕೆ ಬರಲೆಂದು ಒಳಗೆ ಇನ್ನೊಂದು ಪದರ ಕೊಟ್ಟೆ,
ಜೋಡಿ ಹೊಲಿಗೆ, ದಪ್ಪ ಅಂಚು.
ಮೂರೇ ದಿನಕ್ಕೆ ವಾಪಸು ತಂದ.
“ಅಕ್ಕ, ಇದು ಸುಳ್ಳು ಹೇಳ್ತದೆ.
ಹನ್ನೆರಡು ನಾಟ್ ಗಾಳಿ ಬೀಸ್ತಾ ಇದ್ರೂ
ಏನೂ ಇಲ್ಲ ಅಂತ ತಲೆ ತಗ್ಗಿಸಿ ನೇತಾಡ್ತದೆ.”

ಬಿಚ್ಚಿದೆ.
ನಲವತ್ತು ವರ್ಷ ಗಟ್ಟಿ, ಗಟ್ಟಿ ಎಂದು ಹೊಲಿದ ಕೈಗೆ
ಮೊದಲ ಸಲ ಒಬ್ಬ ಹೇಳುತ್ತಿದ್ದ: ತೆಳ್ಳಗಿರಲಿ,
ತಳ್ಳಿದರೆ ತಳ್ಳಿಸಿಕೊಳ್ಳಲಿ.

ಎರಡನೆಯದನ್ನು ಏರಿಸಿದ ದಿನ ಬೇಲಿಯ ಬಳಿ ನಿಂತು ಕೇಳಿದೆ,
ಅಷ್ಟು ದೊಡ್ಡ ವಿಮಾನಕ್ಕೆ ಗಾಳಿ ಯಾವ ಲೆಕ್ಕ ಎಂದು.
ನಿಂಗರಾಜು ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದ.
“ಎದುರುಗಾಳಿ ಒಳ್ಳೇದಕ್ಕ.
ರೆಕ್ಕೆಗೆ ನೂರು ಬೇಕು ಅನ್ನು; ಇಪ್ಪತ್ತು ಗಾಳೀನೇ ಕೊಡ್ತದೆ,
ನೆಲದ ಮೇಲೆ ಎಂಬತ್ತು ಓಡಿದ್ರೆ ಎದ್ಬಿಡ್ತದೆ.
ಬೆನ್ನಿಗಿದ್ರೆ ಕಷ್ಟ. ನೂರಿಪ್ಪತ್ತು ಓಡಿದ್ರೂ ರೆಕ್ಕೆಗೆ ಸಿಗೋದು ನೂರೇ,
ಅಷ್ಟರಲ್ಲಿ ರನ್‌ವೇ ಮುಗ್ದಿರ್ತದೆ.”
ಗಾಳಿ ಬಂದಾಗ ತೂರಿಕೋ ಎನ್ನುತ್ತಿದ್ದ ನನ್ನವ್ವ
ಇದನ್ನು ಕೇಳಿದ್ದರೆ ಮೊರ ಕೆಳಗಿಟ್ಟು ಯೋಚಿಸುತ್ತಿದ್ದಳು.

“ಅಡ್ಡ ಬೀಸಿದ್ರೆ?”
ಅವನು ಬಾಯಿ ತೆರೆಯುವ ಮುಂಚೆ ಪೂರ್ವದಿಂದ ಬಂತು,
ಚಾಮುಂಡಿ ಬೆಟ್ಟವನ್ನು ಬಲಕ್ಕೆ ಬಿಟ್ಟು,
ಎಪ್ಪತ್ತು ಸೀಟಿನ ಪಂಖದ ವಿಮಾನ.
ಮೂತಿ ರನ್‌ವೇ ಕಡೆಗಿಲ್ಲ. ಎಡಕ್ಕೆ, ನಂಜನಗೂಡಿನ ಕಡೆಗೆ!
ಒಬ್ಬರ ಮನೆಗೆ ಹೊರಟು ಇನ್ನೊಬ್ಬರ ಬಾಗಿಲು ನೋಡುತ್ತ
ಓರೆಯಾಗಿ ಬರುತ್ತಿದೆ, ಏಡಿಯ ಹಾಗೆ,
ಆದರೂ ಗೆರೆ ಬಿಟ್ಟು ಕದಲುತ್ತಿಲ್ಲ.
ಗಾಳಿ ಬಲಕ್ಕೆ ಎಷ್ಟು ತಳ್ಳುತ್ತದೋ
ಅಷ್ಟನ್ನೂ ಮೂತಿ ಎಡಕ್ಕೆ ಮೊದಲೇ ತೆತ್ತಿದೆ.
“ಒಳಗೆ ಕೂತೋರಿಗೆ ಗಾಳಿ ಕಾಣಲ್ಲ,” ಅಂದ,
“ನೆಲಾನೇ ಪಕ್ಕಕ್ಕೆ ಜಾರಿದಂಗೆ ಕಾಣ್ತದೆ.”

ಆಗೊಂದು ಬೀಸು. ನನ್ನ ಸೆರಗು ಹಾರಿತು,
ಅಲ್ಲಿ ಎಡ ರೆಕ್ಕೆ ಎದ್ದಿತು.
ಚಕ್ರ ನೆಲ ಮುಟ್ಟಲಿಲ್ಲ; ಗುಡುಗಿಕೊಂಡು ಮೇಲೇರಿ ಹೋಯಿತು.
ನಿಂಗರಾಜು ಕಡ್ಡಿ ಹಿಡಿದೇ ನಿಂತಿದ್ದ.
“ಪರವಾಗಿಲ್ಲ. ಸುತ್ತು ಹಾಕ್ಕೊಂಡು ಬರ್ತದೆ.”

ನಾನು ವಿಮಾನ ನೋಡಲಿಲ್ಲ, ತೋಳು ನೋಡಿದೆ.
ಐದು ಪಟ್ಟಿಯೂ ಬಿಗಿದು ನಿಂತಿದ್ದವು,
ಯಾರೋ ಒಳಗೆ ಕೈ ತೂರಿಸಿ ದಾರಿ ತೋರಿಸುವ ಹಾಗೆ.
ಆಮೇಲೆ ಮೂರು ಪಟ್ಟಿ.
ಮತ್ತೆ ನಾಲ್ಕು.
ಆಮೇಲೆ ಮೂರೇ.

ಎರಡನೇ ಸಲ ಬಂದಾಗ
ಕೊನೇ ಗಳಿಗೆಯಲ್ಲಿ ಮೂತಿ ನೇರ ಮಾಡಿ,
ಎಡ ರೆಕ್ಕೆ ಚೂರು ತಗ್ಗಿಸಿ,
ಗಾಳಿ ಬರುವ ಕಡೆಯ ಚಕ್ರವನ್ನೇ ಮೊದಲು ಊರಿತು.
ಆಮೇಲೆ ಬಲದ್ದು, ಆಮೇಲೆ ಮುಂದಿನದು.

ಇಳಿದವರು ಟ್ಯಾಕ್ಸಿ ಹುಡುಕಿದರು.
ಯಾರೂ ಕಂಬದ ಕಡೆ ನೋಡಲಿಲ್ಲ.

ಸಂಜೆ ನಿಂಗರಾಜು ದುಡ್ಡು ಎಣಿಸಿ ಕೊಟ್ಟು,
ಬಿಲ್ಲಿನಲ್ಲಿ ಏನಂತ ಬರೀತೀಯ ಅಕ್ಕ, ಅಂದ.
ತೋಳು, ಒಂದು, ಎಂದು ಬರೆದೆ.
ಜೋಡಿಯಿಲ್ಲದ ತೋಳು ನಾನು ಹೊಲಿದದ್ದು ಅದೊಂದೇ.